ರಾಕ್‌ಸ್ಮಿತ್ ಆಟದಲ್ಲಿ ಗಿಟಾರ್ ಕಲಿಕೆ: ಪರದೆಯ ಪಾಲೆಷ್ಟು, ಬೆರಳಿನ ಪಾಲೆಷ್ಟು

ರಾಕ್‌ಸ್ಮಿತ್ ಎಂಬುದು ಗಿಟಾರ್ ಸಿಕ್ಕಿಸಿ ಆಡುವ ವಿಡಿಯೋ ಗೇಮ್. ಅದಕ್ಕೆ ಕೇಳಿಸುವುದು ಎರಡೇ ಸಂಗತಿ: ಯಾವ ಸ್ವರ ನುಡಿಸಿದಿರಿ, ಯಾವಾಗ ನುಡಿಸಿದಿರಿ. ಬೆರಳು ಫ್ರೆಟ್‌ಗೆ (ಗಿಟಾರಿನ ಕುತ್ತಿಗೆಯ ಮೇಲಿನ ಅಡ್ಡ ಲೋಹದ ಪಟ್ಟಿ) ಅಂಟಿಕೊಂಡಿತ್ತೋ ದೂರವಿತ್ತೋ, ಪಕ್ಕದ ತಂತಿ ಜೊತೆಗೆ ಗುಂಯ್‌ಗುಟ್ಟಿತೋ, ಮಣಿಕಟ್ಟು ಸೆಟೆದಿತ್ತೋ ಸಡಿಲವಿತ್ತೋ, ಇದಾವುದೂ ಅದರ ಲೆಕ್ಕಕ್ಕಿಲ್ಲ. ಇಷ್ಟನ್ನು ತಿಳಿದು ಆಡಿದರೆ ಆಟ ಬಹಳ ಕೆಲಸಕ್ಕೆ ಬರುತ್ತದೆ. ತಿಳಿಯದೆ ಆಡಿದರೆ ಆರು ತಿಂಗಳ ಮೇಲೆ ಪರದೆಯಲ್ಲಿ ತೊಂಬತ್ತು ಪರ್ಸೆಂಟ್ ಬರುತ್ತದೆ. ಪರದೆ ಆರಿಸಿ ಯಾರಾದರೂ 'ಒಂದು ಹಾಡು ನುಡಿಸಪ್ಪಾ' ಎಂದರೆ ಕೈ ನಿಲ್ಲುತ್ತದೆ.

ಮುಂಬೈಯಲ್ಲಿ ಈ ಆಟದ ಕಡೆ ಜನ ತಿರುಗುವುದಕ್ಕೆ ಕಾರಣ ಸರಳ. ಚರ್ಚ್‌ಗೇಟ್‌ನಲ್ಲೋ ಅಂಧೇರಿಯಲ್ಲೋ ಕೆಲಸ, ಡೊಂಬಿವಲಿಯಲ್ಲೋ ಮೀರಾ ರೋಡಿನಲ್ಲೋ ಮನೆ. ಲೋಕಲ್ ಇಳಿದು ಊಟ ಮುಗಿಸುವ ಹೊತ್ತಿಗೆ ಯಾವ ಮೇಷ್ಟ್ರೂ ಪಾಠ ಹೇಳುವುದಿಲ್ಲ. ರಾತ್ರಿ ಹತ್ತಕ್ಕೆ ಹೆಡ್‌ಫೋನ್ ಹಾಕಿಕೊಂಡು, ಗೋಡೆಯಾಚೆಯವರಿಗೆ ತೊಂದರೆ ಕೊಡದೆ ನುಡಿಸಬಹುದಾದ ವಾದ್ಯ ಎಲೆಕ್ಟ್ರಿಕ್ ಗಿಟಾರ್. ಆ ಹೊತ್ತಿನಲ್ಲಿ ಜೊತೆಗೆ ಕೂರುವುದು ಇಂಥ ಆಟ.

ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. 2005ರಲ್ಲಿ ಬಂದ ಗಿಟಾರ್ ಹೀರೋದಲ್ಲಿ ಪ್ಲಾಸ್ಟಿಕ್ ಗಿಟಾರಿನ ಗುಂಡಿ ಒತ್ತುವುದಷ್ಟೇ ಕೆಲಸ. ಯೂಬಿಸಾಫ್ಟ್ 2011ರಲ್ಲಿ ತಂದ ರಾಕ್‌ಸ್ಮಿತ್‌ಗೆ ನಿಜವಾದ ಗಿಟಾರನ್ನೇ ಸಿಕ್ಕಿಸಬೇಕು. 2013ರಲ್ಲಿ 'ರಾಕ್‌ಸ್ಮಿತ್ 2014' ಬಂತು, 2016ರಲ್ಲಿ ಅದರ ರೀಮಾಸ್ಟರ್ಡ್ ರೂಪ, 2022ರಲ್ಲಿ ಚಂದಾ ಕಟ್ಟಿ ಆಡುವ ರಾಕ್‌ಸ್ಮಿತ್ ಪ್ಲಸ್. 2014ರ ಆವೃತ್ತಿಯನ್ನು 2023ರಲ್ಲಿ ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯ ಮಾರಾಟದಿಂದ ತೆಗೆದರು. ಮೊದಲೇ ಕೊಂಡವರು ಈಗಲೂ ಆಡಬಹುದು, ಹಳೆಯ ಕನ್ಸೋಲ್ ಇದ್ದವರು ಸೆಕೆಂಡ್‌ಹ್ಯಾಂಡ್ ಡಿಸ್ಕ್ ಹುಡುಕಬಹುದು. ಕಲಿಕೆಗೆ ಇವತ್ತಿಗೂ 2014ರದೇ ಗಟ್ಟಿ ಎನ್ನುವುದು ನನ್ನ ಅಭಿಪ್ರಾಯ. ಪ್ಲಸ್‌ನಲ್ಲಿ ಹಾಡುಗಳು ಹೆಚ್ಚು, ಫೋನನ್ನೇ ಮೈಕ್ ಮಾಡಿಕೊಂಡು ಅಕೌಸ್ಟಿಕ್ ನುಡಿಸಬಹುದು. ಆದರೆ ತಿಂಗಳ ಚಂದಾ ನಿಂತ ದಿನ ಅಭ್ಯಾಸವೂ ನಿಲ್ಲುತ್ತದೆ.

ಮೊದಲು ವಾದ್ಯ ಸರಿಯಿರಲಿ

ಆಟ 'ತಪ್ಪು' ಎಂದು ತೋರಿಸಿದಾಗ ಅರ್ಧ ಸಲ ತಪ್ಪು ಬೆರಳಿನದಲ್ಲ, ಗಿಟಾರಿನದು. ಆದ್ದರಿಂದ ಕೊಳ್ಳುವಾಗಲೇ ನೋಡಿಕೊಳ್ಳಬೇಕು. ಮರೀನ್ ಲೈನ್ಸ್ ಸ್ಟೇಶನ್ನಿನಿಂದ ಧೋಬಿ ತಲಾವ್ ಕಡೆ ನಡೆದರೆ 1865ರಿಂದ ಇರುವ ಫರ್ಟಾಡೋಸ್ ಸಿಗುತ್ತದೆ. ಇಲ್ಲಿ ಕೈಗೆ ತೆಗೆದುಕೊಂಡು ನೋಡಿ ಕೊಳ್ಳುವುದು ಆನ್‌ಲೈನ್‌ನಲ್ಲಿ ತರಿಸುವುದಕ್ಕಿಂತ ಎಷ್ಟೋ ವಾಸಿ. ನುಡಿಸಲು ಬಾರದವರೂ ಮಾಡಬಹುದಾದ ಪರೀಕ್ಷೆಗಳಿವೆ.

ಮೊದಲನೆಯದು ನಟ್, ಅಂದರೆ ಕುತ್ತಿಗೆಯ ತಲೆಯ ಕಡೆ ತಂತಿಗಳು ಕೂರುವ ತೋಡುಗಳಿರುವ ಪಟ್ಟಿ. ಪ್ರತಿ ತಂತಿಯನ್ನೂ ಮೂರನೇ ಫ್ರೆಟ್‌ನಲ್ಲಿ ಒತ್ತಿ, ಮೊದಲ ಫ್ರೆಟ್‌ಗೂ ತಂತಿಗೂ ನಡುವಿನ ಸಂದು ನೋಡಿ. ಕೂದಲೆಳೆಯಷ್ಟಿದ್ದರೆ ಸರಿ. ಬೆಳಕು ಧಾರಾಳವಾಗಿ ಕಾಣುವಷ್ಟಿದ್ದರೆ ನಟ್‌ನ ತೋಡು ಆಳವಾಗಿಲ್ಲ; ಮೊದಲ ಮೂರು ಫ್ರೆಟ್‌ಗಳಲ್ಲಿ ಸಿ, ಎಫ್ ಮುಂತಾದ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿಯುವುದು ಕಷ್ಟ, ಹಿಡಿದರೂ ಸ್ವರ ಏರುತ್ತದೆ. ಇದನ್ನು ಅಂಗಡಿಯಲ್ಲೇ ಸರಿಮಾಡಿಸಿ. ಎರಡನೆಯದು ಹನ್ನೆರಡನೇ ಫ್ರೆಟ್‌ನ ಮೇಲೆ ತಂತಿಯ ಎತ್ತರ: ಎಲೆಕ್ಟ್ರಿಕ್‌ಗೆ 1.5ರಿಂದ 2 ಮಿಲಿಮೀಟರ್, ಅಕೌಸ್ಟಿಕ್‌ಗೆ 2ರಿಂದ 2.5. ಮೂರನೆಯದು ಕುತ್ತಿಗೆಯ ಬಾಗು. ಮೊದಲ ಫ್ರೆಟ್‌ನಲ್ಲಿ ಕೇಪೊ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿ, ದಪ್ಪ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿದಾಗ ಏಳೆಂಟನೇ ಫ್ರೆಟ್ ಹತ್ತಿರ 0.2 ಮಿಲಿಮೀಟರಿನಷ್ಟು ಸಂದು ಉಳಿಯಬೇಕು. ಸಂದೇ ಇಲ್ಲದಿದ್ದರೆ ತಂತಿ ಜರ್ ಎನ್ನುತ್ತದೆ.

ನಾಲ್ಕನೆಯದು ಆಟಕ್ಕೆ ಎಲ್ಲಕ್ಕಿಂತ ಮುಖ್ಯ. ಹನ್ನೆರಡನೇ ಫ್ರೆಟ್ ಮೇಲೆ ಬೆರಳನ್ನು ಒತ್ತದೆ ತಾಗಿಸಿ ಮೀಟಿ (ಇದಕ್ಕೆ ಹಾರ್ಮೋನಿಕ್ ಎನ್ನುತ್ತಾರೆ), ಶ್ರುತಿ ತೋರಿಸುವ ಟ್ಯೂನರ್ ನೋಡಿ. ಅದೇ ಜಾಗದಲ್ಲಿ ಒತ್ತಿ ನುಡಿಸಿ, ಮತ್ತೆ ನೋಡಿ. ಎರಡೂ ಒಂದೇ ಇರಬೇಕು. ಒತ್ತಿದ ಸ್ವರ ಏರಿದ್ದರೆ ಬ್ರಿಡ್ಜ್‌ನ (ಗಿಟಾರಿನ ಮೈಮೇಲೆ ತಂತಿಗಳನ್ನು ಹಿಡಿದಿಡುವ ಭಾಗ) ಮೇಲೆ ಆ ತಂತಿ ಕೂರುವ ಸ್ಯಾಡಲನ್ನು ಹಿಂದಕ್ಕೆ ಸರಿಸಬೇಕು, ಇಳಿದಿದ್ದರೆ ಮುಂದಕ್ಕೆ. ಇದು ಸರಿಯಿಲ್ಲದ ಗಿಟಾರಿನಲ್ಲಿ ಬಿಡಿ (ಬೆರಳು ಒತ್ತದ) ತಂತಿಗಳು ಶ್ರುತಿಯಲ್ಲಿದ್ದರೂ ಹತ್ತನೇ ಫ್ರೆಟ್ ದಾಟಿದ ಮೇಲೆ ಆಟ ನಿಮ್ಮ ಸ್ವರವನ್ನು ಒಪ್ಪಿಕೊಳ್ಳುವುದಿಲ್ಲ. ಕಲಿಯುವವರು ತಮ್ಮ ಕೈಯನ್ನೇ ಬೈದುಕೊಳ್ಳುತ್ತಾರೆ.

ತಂತಿ ಯಾವುದು ಎಂದು ಕೇಳುವವರಿಗೆ: ಎಲೆಕ್ಟ್ರಿಕ್‌ಗೆ 9-42 ಸೆಟ್ಟಿನಿಂದ ಶುರು ಮಾಡಿ (ತೀರ ತೆಳು ಮತ್ತು ತೀರ ದಪ್ಪ ತಂತಿಯ ಗಾತ್ರ, ಇಂಚಿನ ಸಾವಿರದ ಭಾಗಗಳಲ್ಲಿ). ಬೆರಳಿಗೆ ಹಗುರ. ಒಂದೇ ತೊಂದರೆ, ಹೊಸಬರು ಗಟ್ಟಿಯಾಗಿ ಒತ್ತುವುದರಿಂದ ತೆಳು ತಂತಿಯ ಶ್ರುತಿ ಏರುತ್ತದೆ, ಮುಖ್ಯವಾಗಿ ಜಿ ತಂತಿಯದು (ತೆಳುವಿನ ಕಡೆಯಿಂದ ಮೂರನೆಯದು). ಕೈ ಸ್ವಲ್ಪ ಹದಕ್ಕೆ ಬಂದ ಮೇಲೆ 10-46ಕ್ಕೆ ಹೋಗಬಹುದು. ಹೊಸ ತಂತಿ ಹಾಕಿದ ಮೇಲೆ ಪ್ರತಿಯೊಂದನ್ನೂ ಮೆಲ್ಲನೆ ಎಳೆದು, ಮತ್ತೆ ಶ್ರುತಿ ಮಾಡಿ, ಶ್ರುತಿ ಇಳಿಯುವುದು ನಿಲ್ಲುವವರೆಗೆ ಹೀಗೇ ಮಾಡಬೇಕು. ಶ್ರುತಿಯ ಬಿರಡೆ ತಿರುವುವಾಗ ನಟ್‌ನಲ್ಲಿ 'ಟಿಣ್' ಎಂದು ಸದ್ದಾಗಿ ಸ್ವರ ಹಾರಿದರೆ ತಂತಿ ತೋಡಿನಲ್ಲಿ ಸಿಕ್ಕಿಕೊಳ್ಳುತ್ತಿದೆ ಎಂದರ್ಥ. ಮೆತ್ತನೆಯ ಪೆನ್ಸಿಲಿನ ಸೀಸವನ್ನು ತೋಡಿಗೆ ತೀಡಿದರೆ ಸಾಕು.

ಕೇಬಲ್, ಗೊರಗೊರ, ತಡ

2014ರ ಆಟಕ್ಕೆ ಅದರದೇ ರಿಯಲ್ ಟೋನ್ ಕೇಬಲ್ ಬೇಕು: ಒಂದು ತುದಿ ಗಿಟಾರಿಗೆ ಹೋಗುವ 6.35 ಮಿಲಿಮೀಟರ್ ಜಾಕ್, ಇನ್ನೊಂದು ತುದಿ ಯುಎಸ್‌ಬಿ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿನಲ್ಲಿ 'ಗಿಟಾರ್ ಟು ಯುಎಸ್‌ಬಿ' ಎಂದು ಅಗ್ಗದ ಕೇಬಲ್ ಸಿಗುತ್ತವೆ. ನೋಡಲು ಅದೇ ಥರ, ಆದರೆ ಆಟ ಅವನ್ನು ಗುರುತಿಸುವುದಿಲ್ಲ. ಪ್ಲಸ್‌ನಲ್ಲಿ ಮಾಮೂಲಿ ಆಡಿಯೋ ಇಂಟರ್‌ಫೇಸ್ (ವಾದ್ಯವನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ನಡೆಯುತ್ತದೆ. ಕೇಬಲ್ ಹಾಕಿದ ಮೇಲೂ ಸದ್ದು ಬರದಿದ್ದರೆ ವಿಂಡೋಸ್‌ನ ಪ್ರೈವೆಸಿ ಸೆಟ್ಟಿಂಗ್‌ನಲ್ಲಿ ಮೈಕ್ರೋಫೋನ್ ಅನುಮತಿ ಇದೆಯೇ ನೋಡಿ. ಕಂಪ್ಯೂಟರಿಗೆ ಈ ಕೇಬಲ್ ಕೂಡ ಒಂದು ಮೈಕ್. ಒಳಬರುವ ಸದ್ದಿಗೂ ಹೊರಹೋಗುವ ಸದ್ದಿಗೂ ಸ್ಯಾಂಪಲ್ ರೇಟ್ 48,000 ಹರ್ಟ್ಜ್ ಇರಲಿ, ವಿಂಡೋಸ್ ತಾನೇ ಸೇರಿಸುವ 'ಎನ್‌ಹ್ಯಾನ್ಸ್‌ಮೆಂಟ್'ಗಳು ಬೇಡ.

ಗೊರಗೊರ ಸದ್ದಿನ ಮೂಲ ಹುಡುಕುವುದಕ್ಕೆ ಕ್ರಮವಿದೆ. ತಂತಿ ಮುಟ್ಟಿದಾಗ ಸದ್ದು ಕಡಿಮೆಯಾದರೆ ಅರ್ಥಿಂಗ್‌ನ ಸಮಸ್ಯೆ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ; ಸದ್ದು ಹೋದರೆ ಎರಡು ಪಿನ್ನಿನ ಚಾರ್ಜರ್ ಅಥವಾ ಅರ್ಥ್ ಇಲ್ಲದ ಹಳೆಯ ಪ್ಲಗ್ ಪಾಯಿಂಟ್ ಕಾರಣ. ಹಳೆಯ ಚಾಳುಗಳಲ್ಲಿ ಇದು ಸಾಮಾನ್ಯ. ಬ್ಯಾಟರಿಯಲ್ಲೂ ಸದ್ದು ಉಳಿದರೆ ಫ್ಯಾನಿನ ರೆಗ್ಯುಲೇಟರ್ ನೋಡಿ. ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಮಧ್ಯದಲ್ಲಿದ್ದಾಗ ಕರೆಂಟಿನ ಅಲೆಯನ್ನು ಕತ್ತರಿಸಿ ಬಿಡುತ್ತದೆ, ಆ ಗಲಾಟೆಯನ್ನು ಗಿಟಾರಿನ ಪಿಕಪ್ (ತಂತಿಯ ಅದುರನ್ನು ಹಿಡಿಯುವ ಕಾಯಿಲ್) ಹಿಡಿದುಕೊಳ್ಳುತ್ತದೆ. ಫ್ಯಾನನ್ನು ಪೂರ್ತಿ ವೇಗಕ್ಕಿಟ್ಟರೆ ಅಥವಾ ಆರಿಸಿದರೆ ತಿಳಿಯುತ್ತದೆ. ಸಿಂಗಲ್ ಕಾಯಿಲ್ ಪಿಕಪ್ ಇರುವ ಗಿಟಾರ್ ಮಾನಿಟರಿನ ಎದುರೇ ಇದ್ದರೆ ಇನ್ನೂ ಹೆಚ್ಚು ಗೊರಗುಟ್ಟುತ್ತದೆ. ಕುರ್ಚಿಯನ್ನು ಕಾಲು ಸುತ್ತು ತಿರುಗಿಸಿ, ಒಂದು ಕೋನದಲ್ಲಿ ಸದ್ದು ತಗ್ಗುತ್ತದೆ. ಆಟ ಕ್ಯಾಲಿಬ್ರೇಟ್ ಮಾಡಲು ಹೇಳುವಾಗ ಗಿಟಾರಿನ ವಾಲ್ಯೂಮ್ ಪೂರ್ತಿ ಇರಲಿ, 'ಸುಮ್ಮನಿರಿ' ಎಂದಾಗ ತಂತಿಗಳ ಮೇಲೆ ಅಂಗೈ ಇಟ್ಟು ಸುಮ್ಮನಿರಿ.

ಇನ್ನು ತಡ. ಆಟ ಬಿಟ್ಟುಬಿಡುವವರಲ್ಲಿ ಹೆಚ್ಚಿನವರು ಇದಕ್ಕೇ ಬಿಡುತ್ತಾರೆ, ಕಾರಣ ಗೊತ್ತಾಗದೆ. ತಂತಿ ಮೀಟಿದ ಮೇಲೆ ಸದ್ದು ಕಿವಿಗೆ ಬರುವುದರೊಳಗೆ ಹತ್ತಿಪ್ಪತ್ತು ಮಿಲಿಸೆಕೆಂಡ್ ಆದರೆ ನಡೆಯುತ್ತದೆ. ಗಾಳಿಯಲ್ಲಿ ಸದ್ದು ಮೂರೂವರೆ ಮೀಟರ್ ಬರುವುದಕ್ಕೇ ಹತ್ತು ಮಿಲಿಸೆಕೆಂಡ್ ಬೇಕು. ಐವತ್ತು ದಾಟಿದರೆ ಕೈ ಗೊಂದಲಕ್ಕೆ ಬೀಳುತ್ತದೆ, ನುಡಿಸುವವರು ಅರಿವಿಲ್ಲದೆ ತಾಳಕ್ಕಿಂತ ಮುಂದೆ ಓಡಲು ಕಲಿಯುತ್ತಾರೆ. ಆ ಚಾಳಿ ಬಿಡಿಸುವುದು ಕಷ್ಟ. ಬ್ಲೂಟೂತ್ ಹೆಡ್‌ಫೋನ್ ಖಂಡಿತ ಬೇಡ, ಅದೊಂದೇ ನೂರು ಮಿಲಿಸೆಕೆಂಡಿಗೂ ಮೀರಿ ತಿನ್ನುತ್ತದೆ. ಟಿವಿಗೆ ಎಚ್‌ಡಿಎಂಐ ಹಾಕಿದ್ದರೆ ಚಿತ್ರ ಟಿವಿಗೆ ಹೋಗಲಿ, ಸದ್ದು ಮಾತ್ರ ಕಂಪ್ಯೂಟರಿನ 3.5 ಮಿಲಿಮೀಟರ್ ತೂತಿನಿಂದ ವೈರಿನ ಹೆಡ್‌ಫೋನಿಗೆ ಬರಲಿ. ಟಿವಿಯಲ್ಲಿ ಗೇಮ್ ಮೋಡ್ ಹಾಕಿ. ಕಂಪ್ಯೂಟರಿನಲ್ಲಿ ಆಡುವವರು ಆಟದ ಫೋಲ್ಡರಿನಲ್ಲಿರುವ ಐಎನ್‌ಐ ಕಡತ ತೆರೆದರೆ 'ಲೇಟೆನ್ಸಿ ಬಫರ್' ಎಂಬ ಸಾಲು ಇದೆ, ಅದರ ಮೂಲ ಬೆಲೆ 4. ಮೂರು, ಎರಡು ಎಂದು ಒಂದೊಂದೇ ಇಳಿಸಿ ಆಡಿ ನೋಡಿ. ಸದ್ದು ಪಟಪಟ ಒಡೆಯಲು ಶುರುವಾದ ಕೂಡಲೇ ಒಂದು ಮೇಲೇರಿಸಿ ಬಿಡಿ. ಬದಲಿಸುವ ಮುನ್ನ ಕಡತದ ಒಂದು ಪ್ರತಿ ಇಟ್ಟುಕೊಳ್ಳಿ.

ಇಷ್ಟಾದ ಮೇಲೂ ದಪ್ಪ ತಂತಿಯ ಸ್ವರವನ್ನು ಆಟ ಸ್ವಲ್ಪ ನಿಧಾನವಾಗಿ ಗುರುತಿಸುತ್ತದೆ. ದಪ್ಪ ಇ ತಂತಿ ಸೆಕೆಂಡಿಗೆ ಸುಮಾರು 82 ಸಲ ಅದುರುತ್ತದೆ, ತೆಳು ಇ ಸುಮಾರು 330 ಸಲ. ಸ್ವರ ಯಾವುದೆಂದು ತಿಳಿಯಲು ಕೆಲವು ಸುತ್ತು ಕೇಳಲೇಬೇಕು. ದಪ್ಪ ತಂತಿಯ ಒಂದು ಸುತ್ತಿಗೇ 12 ಮಿಲಿಸೆಕೆಂಡ್ ಬೇಕು. ಆದ್ದರಿಂದ ದಪ್ಪ ತಂತಿಯಲ್ಲಿ ಗುರುತು ತಡವಾಗಿ ಹೊಳೆದರೆ ಗಾಬರಿ ಬೇಡ. ಕಿವಿಯನ್ನು ನಂಬಿ.

ಆಟವನ್ನು ಆಡುವ ರೀತಿ

ಪರದೆಯಲ್ಲಿ ಆರು ತಂತಿಗೆ ಆರು ಬಣ್ಣ: ದಪ್ಪ ಇ ಕೆಂಪು, ಎ ಹಳದಿ, ಡಿ ನೀಲಿ, ಜಿ ಕಿತ್ತಳೆ, ಬಿ ಹಸಿರು, ತೆಳು ಇ ನೇರಳೆ. ತಂತಿಗಳ ಸಾಲನ್ನು ತಲೆಕೆಳಗು ಮಾಡುವ ಆಯ್ಕೆ ಸೆಟ್ಟಿಂಗ್‌ನಲ್ಲಿದೆ. ಕಾಗದದ ಟ್ಯಾಬ್‌ನಲ್ಲಿ (ಯಾವ ತಂತಿ, ಯಾವ ಫ್ರೆಟ್ ಎಂದು ಬರೆದ ಗಿಟಾರ್ ಲಿಪಿ) ತೆಳು ತಂತಿ ಮೇಲಿರುತ್ತದೆ. ಪರದೆಯನ್ನೂ ಹಾಗೇ ಇಟ್ಟುಕೊಂಡರೆ ಮುಂದೆ ಟ್ಯಾಬ್ ಓದುವಾಗ ಮತ್ತೆ ತಲೆ ತಿರುಗುವುದಿಲ್ಲ. ಇದನ್ನು ಮೊದಲ ದಿನವೇ ನಿರ್ಧರಿಸಿ.

ಮೊದಲು ಲೀಡ್ (ಬಿಡಿ ಸ್ವರಗಳ ಮುಂಚೂಣಿ ಭಾಗ) ಬೇಡ, ರಿದಮ್ (ಕಾರ್ಡ್‌ಗಳ ಹಿನ್ನೆಲೆ) ಆರಿಸಿ. ಕಾರ್ಡ್ ಮತ್ತು ಬಲಗೈಯ ಲಯ ಬಾರದೆ ಲೀಡ್ ಕಲಿತವರು ಯಾರ ಜೊತೆಗೂ ನುಡಿಸಲಾರರು.

ಈಗ ಆಟದ ದೊಡ್ಡ ಬಲೆ. ನೀವು ಹೊಸಬರೆಂದು ತಿಳಿದು ಆಟ ಹಾಡಿನ ಸ್ವರಗಳನ್ನು ಉದುರಿಸಿ, ನಾಲ್ಕಕ್ಕೆ ಒಂದು ಎಂಬಂತೆ ಕೊಡುತ್ತದೆ. ಸರಿಯಾಗಿ ನುಡಿಸಿದಂತೆ ಒಂದೊಂದೇ ಸೇರಿಸುತ್ತದೆ. ಕೇಳಲು ಸೊಗಸು, ಆದರೆ ಪದ್ಯವನ್ನು ಅಕ್ಷರ ಬಿಟ್ಟು ಬಿಟ್ಟು ಬಾಯಿಪಾಠ ಮಾಡಿದ ಹಾಗೆ: ಆಮೇಲೆ ಅಕ್ಷರ ತುಂಬಿದಾಗ ಉಸಿರು ಎಲ್ಲೆಲ್ಲೋ ನಿಲ್ಲುತ್ತದೆ. ನಾಲ್ಕು ಸ್ವರವಿದ್ದ ಜಾಗದಲ್ಲಿ ಒಂದನ್ನು ತೋರುಬೆರಳಿನಲ್ಲಿ ನುಡಿಸಿ ರೂಢಿಯಾದರೆ, ಉಳಿದ ಮೂರು ಬಂದಾಗ ಆ ಸ್ವರಕ್ಕೆ ಉಂಗುರ ಬೆರಳು ಬೇಕಾಗುತ್ತದೆ. ಎರಡು ಸಲ ಕಲಿಯುವ ಶ್ರಮ, ಜೊತೆಗೆ ಮೊದಲ ಕಲಿಕೆಯನ್ನು ಮರೆಯುವ ಶ್ರಮ.

ಇದಕ್ಕೆ ಮದ್ದು ಆಟದೊಳಗೇ ಇದೆ, ಹೆಸರು ರಿಫ್ ರಿಪೀಟರ್. ಹಾಡಿನ ಒಂದು ತುಣುಕು ಆರಿಸಿ, ಕಷ್ಟದ ಮಟ್ಟವನ್ನು ನೂರಕ್ಕೆ ಏರಿಸಿ, ವೇಗವನ್ನು ಐವತ್ತು-ಅರವತ್ತು ಪರ್ಸೆಂಟಿಗೆ ಇಳಿಸಿ. ಸ್ವರ ಎಲ್ಲವೂ ಇರಲಿ, ವೇಗ ಮಾತ್ರ ಕಡಿಮೆಯಿರಲಿ. ತುಣುಕು ಚಿಕ್ಕದಿರಬೇಕು, ನಾಲ್ಕು ಬಾರ್ (ತಾಳದ ಒಂದು ಸುತ್ತು ಒಂದು ಬಾರ್) ಧಾರಾಳ. ಸತತ ಮೂರು ಸಲ ಎಡವದೆ ಬಂದರೆ ಐದು ಪರ್ಸೆಂಟ್ ವೇಗ ಏರಿಸಿ. ಎರಡು ಸಲ ಸತತ ಎಡವಿದರೆ ಹತ್ತು ಇಳಿಸಿ. ಮುಂದಿನ ತುಣುಕಿಗೆ ಹೋಗುವಾಗ ಹಿಂದಿನ ತುಣುಕಿನ ಕೊನೆಯ ಬಾರನ್ನೂ ಸೇರಿಸಿಕೊಳ್ಳಿ. ಹಾಡು ಒಡೆಯುವುದು ಯಾವಾಗಲೂ ಬೆಸುಗೆಯ ಜಾಗದಲ್ಲಿ, ಅದನ್ನು ಯಾರೂ ಅಭ್ಯಾಸ ಮಾಡಿರುವುದಿಲ್ಲ.

ತಪ್ಪುಗಳನ್ನು ತಾನೇ ಎಣಿಸಿ ವೇಗ ಏರಿಳಿಸುವ ಆಯ್ಕೆಯನ್ನು ಆಟವೇ ಕೊಡುತ್ತದೆ. ಅದನ್ನು ಬಂದ್ ಮಾಡಿಡುವುದು ವಾಸಿ. ಎಲ್ಲಿ ಎಡವಿದೆ, ಏಕೆ ಎಡವಿದೆ ಎಂದು ನೋಡುವ ಕೆಲಸ ಕಲಿಯುವವರದು.

ಚೆನ್ನಾಗಿ ಬಂದ ಹಾಡಿನಲ್ಲಿ ಮಾಸ್ಟರ್ ಮೋಡ್ ಹಾಕಿದರೆ ಸ್ವರಗಳು ಪರದೆಯಿಂದ ಮಾಸುತ್ತಾ ಹೋಗುತ್ತವೆ, ನೆನಪಿನಿಂದ ನುಡಿಸಬೇಕು. ಇದು ಆಟದ ಅತ್ಯುತ್ತಮ ಭಾಗ, ಹೆಚ್ಚಿನವರು ಬಳಸದೇ ಇರುವ ಭಾಗ. ಗಿಟಾರ್‌ಕೇಡ್‌ನ ಪುಟಾಣಿ ಆಟಗಳಲ್ಲಿ ಎರಡನ್ನು ಮಾತ್ರ ಹೇಳುತ್ತೇನೆ: ಕೈ ನೋಡದೆ ಸರಿಯಾದ ತಂತಿ ಮೀಟುವುದಕ್ಕೆ ಸ್ಟ್ರಿಂಗ್ ಸ್ಕಿಪ್ ಸಲೂನ್, ಕಾರ್ಡ್‌ನ ಹೆಸರು ಕಂಡೊಡನೆ ಬೆರಳು ಕೂರುವುದಕ್ಕೆ ಕ್ಯಾಸಲ್ ಕಾರ್ಡೆಡ್. ಐದೈದು ನಿಮಿಷ ಸಾಕು. ಉಳಿದವು ಮಕ್ಕಳಿಗೆ ಇಷ್ಟವಾಗುತ್ತವೆ.

ಇನ್ನೊಂದು ಎಚ್ಚರಿಕೆ. ಆಟ ಪ್ರತಿ ಹಾಡಿಗೂ ಅದರದೇ ಆಂಪ್‌ನ ದನಿ ಕೊಡುತ್ತದೆ, ರಾಕ್ ಹಾಡಾದರೆ ದಂಡಿಯಾಗಿ ಡಿಸ್ಟಾರ್ಷನ್ (ದನಿಯನ್ನು ಒರಟಾಗಿಸುವ ಪರಿಣಾಮ). ಅದರಲ್ಲಿ ಎಲ್ಲರೂ ಶೂರರು. ಅದೇ ತುಣುಕನ್ನು ಕೇಬಲ್ ಕಿತ್ತು ಬರೀ ಗಿಟಾರಿನಲ್ಲಿ ನುಡಿಸಿದರೆ ಸತ್ತ ಸ್ವರಗಳು, ಅರ್ಧ ಒತ್ತಿದ ತಂತಿಗಳು ಒಂದೊಂದೂ ಕೇಳಿಸುತ್ತವೆ. ಆರು ತಂತಿಯ ಕಾರ್ಡ್‌ನಲ್ಲಿ ಒಂದು ತಂತಿ ಉಸಿರುಗಟ್ಟಿದ್ದರೂ ಆಟ ಪಾಸು ಮಾಡುತ್ತದೆ. ಕಿವಿ ಮಾಡುವುದಿಲ್ಲ.

ಪರದೆ ಆರಿಸಿದ ಮೇಲೆ

ಇಲ್ಲಿಂದ ಮುಂದಿನದೇ ನಿಜವಾದ ಕಲಿಕೆ. ಗಂಟೆಯೊಂದು ಸಿಕ್ಕರೆ ಆಟಕ್ಕೆ ಇಪ್ಪತ್ತೈದು ನಿಮಿಷ ಸಾಕು, ಅದೂ ಕೊನೆಗೆ. ಮೊದಲೇ ಆಡಿದರೆ ಉಳಿದದ್ದಕ್ಕೆ ಮನಸ್ಸು ಬರುವುದಿಲ್ಲ.

ಎಡಗೈಗೆ ಮೊದಲ ಪಾಠ ಕಡಿಮೆ ಒತ್ತುವುದು. ಐದನೇ ಫ್ರೆಟ್‌ನ ಹಿಂಬದಿಗೆ ಬೆರಳನ್ನು ಸುಮ್ಮನೆ ಇಟ್ಟು ಮೀಟುತ್ತಿರಿ. ಮೊದಲು ಟಕ್ ಟಕ್ ಎನ್ನುತ್ತದೆ. ಒಂದೊಂದೇ ಎಳೆಯಷ್ಟು ಒತ್ತಡ ಹೆಚ್ಚಿಸುತ್ತಾ ಹೋಗಿ, ಸ್ವರ ಸ್ವಚ್ಛವಾದ ಕ್ಷಣ ನಿಲ್ಲಿಸಿ. ಅಷ್ಟೇ ಬೇಕಾದದ್ದು. ಬೆರಳು ಫ್ರೆಟ್‌ಗೆ ಹತ್ತಿರವಿದ್ದಷ್ಟೂ ಒತ್ತಡ ಕಡಿಮೆ ಸಾಕು. ಆಟ ಆಡುವಾಗ ಗಾಬರಿಯಲ್ಲಿ ಇದರ ಮೂರು ಪಟ್ಟು ಒತ್ತುತ್ತಾರೆ, ಅದಕ್ಕೇ ಹದಿನೈದು ನಿಮಿಷಕ್ಕೆ ಹೆಬ್ಬೆರಳ ಬುಡ ನೋಯುತ್ತದೆ. ಬೆರಳ ತುದಿಯ ಉರಿ ಮೂರ್ನಾಲ್ಕು ವಾರಕ್ಕೆ ತಾನೇ ಹೋಗುತ್ತದೆ, ಚರ್ಮ ಗಟ್ಟಿಯಾಗುತ್ತದೆ. ಮಣಿಕಟ್ಟಿನ ನೋವು ಹಾಗಲ್ಲ. ಅದು ಬಂದ ದಿನ ಗಿಟಾರ್ ಕೆಳಗಿಡಿ, ಮರುದಿನ ಗಿಟಾರನ್ನು ಎಡತೊಡೆಯ ಮೇಲಿಟ್ಟು ಕುತ್ತಿಗೆಯನ್ನು ಸ್ವಲ್ಪ ಮೇಲೆತ್ತಿ ಹಿಡಿದು ನೋಡಿ.

ಎರಡನೆಯದು ಒಂದು-ಎರಡು-ಮೂರು-ನಾಲ್ಕು. ದಪ್ಪ ತಂತಿಯಿಂದ ತೆಳು ತಂತಿಯವರೆಗೆ, ಐದರಿಂದ ಎಂಟನೇ ಫ್ರೆಟ್, ನಾಲ್ಕು ಬೆರಳು, ಒಟ್ಟು 24 ಸ್ವರ. ಮೆಟ್ರೋನಾಮ್ (ತಾಳ ಬಡಿಯುವ ಯಂತ್ರ) ನಿಮಿಷಕ್ಕೆ 60ಕ್ಕೆ, ಬಡಿತಕ್ಕೊಂದು ಸ್ವರ. ಪಿಕ್ (ತಂತಿ ಮೀಟುವ ಪುಟ್ಟ ತುಂಡು) ಒಮ್ಮೆ ಕೆಳಗೆ, ಒಮ್ಮೆ ಮೇಲೆ. ಮುಂದಿನ ಬೆರಳು ಕೂತಾಗ ಹಿಂದಿನದನ್ನು ಎತ್ತಬೇಡಿ, ತಂತಿ ಬದಲಾದಾಗ ಒಂದೊಂದಾಗಿ ಸರಿಸಿ. ಕಿರುಬೆರಳು ಹಾರಾಡದೆ ತಂತಿಯಿಂದ ಒಂದು ಸೆಂಟಿಮೀಟರಿನೊಳಗೆ ಇರಬೇಕು. ಇದು ಬೇಸರದ ಕೆಲಸವೇ. ಐದು ನಿಮಿಷ ಮಾಡಿ, ಹೆಚ್ಚು ಬೇಡ.

ಕಾರ್ಡ್ ಬದಲಾವಣೆಗೆ ಫೋನಿನಲ್ಲಿ ಒಂದು ನಿಮಿಷದ ಗಡಿ ಇಟ್ಟು, ಎರಡು ಕಾರ್ಡ್‌ಗಳ ನಡುವೆ ಎಷ್ಟು ಸಲ ಓಡಾಡಿದಿರಿ ಎಂದು ಎಣಿಸಿ. ನಿಮಿಷಕ್ಕೆ ಮೂವತ್ತಾದರೆ ನಿಧಾನದ ಹಾಡು ನಡೆಯುತ್ತದೆ, ಅರವತ್ತಾದರೆ ಆ ಜೋಡಿಯ ಚಿಂತೆ ಬಿಡಿ. ಜೋಡಿಗಳನ್ನು ಬುದ್ಧಿಯಿಂದ ಆರಿಸಬೇಕು. ಎ ಮೈನರ್‌ನಿಂದ ಸಿಗೆ ಹೋಗುವಾಗ ತೋರುಬೆರಳು, ನಡುಬೆರಳು ಅಲ್ಲಲ್ಲೇ ಇರುತ್ತವೆ. ಉಂಗುರ ಬೆರಳು ಮಾತ್ರ ಜಿ ತಂತಿಯ ಎರಡನೇ ಫ್ರೆಟ್‌ನಿಂದ ಎ ತಂತಿಯ ಮೂರಕ್ಕೆ ಹೋಗುತ್ತದೆ. ಇ ಮೇಜರ್‌ನಿಂದ ಎ ಮೈನರ್‌ಗೆ ಇಡೀ ಆಕಾರ ಹಾಗೇ ಒಂದು ತಂತಿ ತೆಳುವಿನ ಕಡೆ ಸರಿಯುತ್ತದೆ. ಹೊಸಬರು ಎಲ್ಲ ಬೆರಳನ್ನೂ ಎತ್ತಿ ಗಾಳಿಯಲ್ಲಿ ಯೋಚಿಸುತ್ತಾರೆ; ಯಾವ ಬೆರಳು ಎತ್ತಬೇಕಾಗಿಲ್ಲ ಎಂಬುದೇ ಮೊದಲ ಪ್ರಶ್ನೆ. ಆಟ ಇದನ್ನು ತೋರಿಸುವುದಿಲ್ಲ, ಅದಕ್ಕೆ ಪ್ರತಿ ಕಾರ್ಡೂ ಹೊಸ ಚಿತ್ರ.

ಬದಲಾವಣೆ ತಡವಾದರೂ ಬಲಗೈ ನಿಲ್ಲಬಾರದು. ನಾಲ್ಕನೇ ಬಡಿತದಲ್ಲೇ ಎಡಗೈ ಎತ್ತಿಬಿಡಿ, ಬಿಡಿ ತಂತಿ ಮೊಳಗಿದರೆ ಮೊಳಗಲಿ, ಮುಂದಿನ ಬಾರಿನ ಒಂದನೇ ಬಡಿತಕ್ಕೆ ಹೊಸ ಕಾರ್ಡ್ ಕೂರಲಿ. ಕೇಳುವವರಿಗೆ ಆ ಬಿಡಿ ತಂತಿ ಗೊತ್ತಾಗುವುದಿಲ್ಲ, ನಿಂತ ತಾಳ ಮಾತ್ರ ತಕ್ಷಣ ಗೊತ್ತಾಗುತ್ತದೆ.

ಎಫ್ ಬಾರ್ ಕಾರ್ಡ್‌ನಲ್ಲಿ (ತೋರುಬೆರಳನ್ನು ತಂತಿಗಳ ಮೇಲೆ ಅಡ್ಡ ಇಟ್ಟು ಹಿಡಿಯುವ ಕಾರ್ಡ್; ತಾಳದ ಬಾರ್ ಬೇರೆ) ಕೈಬಿಟ್ಟವರು ಬಹಳ. ಅದನ್ನು ಮೊದಲ ಫ್ರೆಟ್‌ನಲ್ಲಿ ಕಲಿಯಲು ಹೋಗಬೇಡಿ, ನಟ್‌ನ ಪಕ್ಕ ತಂತಿ ಅತಿ ಬಿಗಿ. ಅದೇ ಆಕಾರವನ್ನು ಐದನೇ ಫ್ರೆಟ್‌ನಲ್ಲಿ ಹಿಡಿಯಿರಿ, ಅಲ್ಲಿ ಅದು ಎ ಮೇಜರ್. ತೋರುಬೆರಳನ್ನು ಸ್ವಲ್ಪ ಹೊರಳಿಸಿ ಹೆಬ್ಬೆರಳ ಕಡೆಯ ಎಲುಬಿನ ಅಂಚು ತಂತಿಗೆ ತಾಗಲಿ. ಮೆತ್ತನೆಯ ಒಳಮೈಯ ಗೆಣ್ಣು ಸಂದಿಗೆ ತಂತಿ ಬಿದ್ದರೆ ಅದು ಸಾಯುತ್ತದೆ. ಹೆಬ್ಬೆರಳು ಕುತ್ತಿಗೆಯ ಹಿಂದೆ ನಡುಬೆರಳಿಗೆ ಎದುರಾಗಿ ಇರಲಿ, ಮೊಣಕೈ ಪಕ್ಕೆಗೆ ಹತ್ತಿರ ಬರಲಿ. ಹಿಂಡುವ ಬದಲು ತೋಳಿನ ಭಾರದಿಂದ ಹಿಂದಕ್ಕೆ ಎಳೆದಂತಿರಬೇಕು. ತೋರುಬೆರಳು ಆರೂ ತಂತಿ ಒತ್ತಬೇಕಿಲ್ಲ: ನಡುವಿನ ಮೂರನ್ನು ಬೇರೆ ಬೆರಳುಗಳು ನೋಡಿಕೊಳ್ಳುತ್ತವೆ, ಅದರ ಪಾಲಿಗೆ ದಪ್ಪ ಇ, ಬಿ, ತೆಳು ಇ ಮಾತ್ರ. ಐದರಲ್ಲಿ ಸ್ವಚ್ಛವಾದ ಮೇಲೆ ನಾಲ್ಕು, ಮೂರು ಎಂದು ವಾರಕ್ಕೊಂದು ಫ್ರೆಟ್ ಇಳಿಯಿರಿ.

ಆಟದಲ್ಲಿ ಆ ದಿನ ಕಲಿತ ತುಣುಕಿಗೆ ಮೂರು ಮೆಟ್ಟಿಲು. ರಿಫ್ ರಿಪೀಟರ್ ಓಡುತ್ತಿರುವಾಗಲೇ ಮಾನಿಟರಿನ ಗುಂಡಿ ಒತ್ತಿ ಪರದೆ ಆರಿಸಿ, ಸದ್ದಿನ ಜೊತೆ ನುಡಿಸಿ. ಆಮೇಲೆ ಸದ್ದೂ ಬೇಡ, ಮೆಟ್ರೋನಾಮ್ ಮಾತ್ರ. ಕೊನೆಗೆ ಮೆಟ್ರೋನಾಮನ್ನು ಅರ್ಧ ವೇಗಕ್ಕಿಳಿಸಿ, ಅದರ ಬಡಿತ ಎರಡು ಮತ್ತು ನಾಲ್ಕಕ್ಕೆ ಬೀಳುತ್ತದೆ ಎಂದುಕೊಂಡು ನುಡಿಸಿ. ಮೂರನೆಯದು ಬಂದರೆ ಆ ತುಣುಕು ನಿಮ್ಮದು.

ನಮ್ಮ ಹಾಡುಗಳಿಗೆ

ಆಟದ ಪಟ್ಟಿಯ ತುಂಬ ಅಮೆರಿಕ, ಇಂಗ್ಲೆಂಡಿನ ರಾಕ್. ಮಾಟುಂಗಾದ ಕರ್ನಾಟಕ ಸಂಘದಲ್ಲೋ ಮೈಸೂರು ಅಸೋಸಿಯೇಶನ್ನಿನಲ್ಲೋ ರಾಜ್ಯೋತ್ಸವಕ್ಕೆ ಭಾವಗೀತೆಗೆ ಜೊತೆ ನುಡಿಸಬೇಕಾದರೆ ಬೇರೆ ದಾರಿ ಬೇಕು, ಆದರೆ ಕಲಿತದ್ದು ವ್ಯರ್ಥವಲ್ಲ.

ಭಾವಗೀತೆಗಳಲ್ಲಿ ಬಹುಪಾಲು ದಾದ್ರಾ ಅಥವಾ ಕೆಹರ್ವಾ. ಕೆಹರ್ವಾದ ಎಂಟು ಮಾತ್ರೆ ಆಟದಲ್ಲಿ ಕಲಿತ ನಾಲ್ಕರ ಬಾರ್‌ಗೆ ಸರಿಯಾಗಿ ಕೂರುತ್ತದೆ, ಮಾತ್ರೆಗೊಂದು ಕೈ: ಕೆಳಗೆ, ಮೇಲೆ, ಕೆಳಗೆ, ಮೇಲೆ. ದಾದ್ರಾದ ಆರಕ್ಕೆ ಒಂದು ಮತ್ತು ನಾಲ್ಕನೇ ಮಾತ್ರೆಗೆ ದಪ್ಪ ತಂತಿ ಒಂದನ್ನೇ ಮೀಟಿ, ಉಳಿದ ನಾಲ್ಕಕ್ಕೆ ತೆಳು ಮೂರು ತಂತಿ ಹಗುರವಾಗಿ ಸವರಿ. ತಬಲದವರು ಕಣ್ಣರಳಿಸಿ ನೋಡುತ್ತಾರೆ.

ಕಾರ್ಡ್ ಹುಡುಕುವಾಗ ಗಾಯಕರ ಷಡ್ಜ ಕೇಳಿಕೊಳ್ಳಿ. ಡಿ ಷಡ್ಜವಾದರೆ ಶುದ್ಧ ಸ್ವರಗಳ ಹಾಡಿಗೆ ಡಿ, ಜಿ, ಎ ಮೂರರಲ್ಲಿ ಮುಕ್ಕಾಲು ಕೆಲಸ ಆಗುತ್ತದೆ. ಯಮನ್ ರಾಗದ ಛಾಯೆಯ ಹಾಡಾದರೆ ಜಿ ಮೇಜರ್ ಕಚ್ಚುತ್ತದೆ, ಏಕೆಂದರೆ ಅದರಲ್ಲಿ ಶುದ್ಧ ಮಧ್ಯಮ ಇದೆ, ಹಾಡಿನಲ್ಲಿರುವುದು ತೀವ್ರ. ಆ ಜಾಗಕ್ಕೆ ಇ ಮೇಜರ್ ಹಿಡಿದು ನೋಡಿ: ಅದರ ಮೂರು ಸ್ವರ ರಿಷಭ, ತೀವ್ರ ಮಧ್ಯಮ, ಧೈವತ. ಷಡ್ಜ ಡಿ ಶಾರ್ಪ್ ಎಂದರೆ ಮೊದಲ ಫ್ರೆಟ್‌ಗೆ ಕೇಪೊ, ಬೆರಳು ಅವೇ.

ಆಟದ ಸೆಷನ್ ಮೋಡ್ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅದರ ವಾದ್ಯಗಾರರು ನಿಮ್ಮ ಹಿಂದೆ ಬರುತ್ತಾರೆ. ಎ ಮೈನರ್ ಪೆಂಟಟಾನಿಕ್ ಎಂದು ಪರದೆ ತೋರಿಸುವುದು ಎ ಷಡ್ಜದ ಶುದ್ಧ ಧನ್ಯಾಸಿಯ ಐದು ಸ್ವರಗಳೇ. ಮೇಜರ್ ಪೆಂಟಟಾನಿಕ್ ನಮ್ಮ ಮೋಹನ. ಸಂಗೀತ ಕಲಿತ ಮನೆಯವರು ಪಕ್ಕದಲ್ಲಿದ್ದರೆ ಅವರು ಹಾಡಲಿ, ನೀವು ತಂತಿಯಲ್ಲಿ ಹುಡುಕಿ. ಕಿವಿಗೆ ಇದಕ್ಕಿಂತ ಒಳ್ಳೆಯ ವ್ಯಾಯಾಮ ಯಾವ ಆಟದಲ್ಲೂ ಇಲ್ಲ.

ಜೂನ್‌ನಿಂದ ಸೆಪ್ಟೆಂಬರ್

ಮರಕ್ಕೆ ಹಿತವಾದ ತೇವಾಂಶ 45ರಿಂದ 55 ಪರ್ಸೆಂಟ್. ಮುಂಬೈ ಜುಲೈಯಲ್ಲಿ ಅದು ಸುಲಭವಾಗಿ 85 ದಾಟುತ್ತದೆ. ಅಕೌಸ್ಟಿಕ್‌ನ ಮೇಲ್ಹಲಗೆ ಉಬ್ಬಿ, ಬ್ರಿಡ್ಜ್ ಎದ್ದು, ತಂತಿ ಎತ್ತರವಾಗುತ್ತದೆ. ಎಲೆಕ್ಟ್ರಿಕ್‌ನ ಗಟ್ಟಿ ಮೈಗೆ ಇಷ್ಟು ಬಾಧೆಯಿಲ್ಲ, ಆದರೆ ತಂತಿಗೆ ತುಕ್ಕು, ಜಾಕ್‌ಗೆ ಕಿಲುಬು. ತುಕ್ಕು ಹಿಡಿದ ತಂತಿ ಶ್ರುತಿಯಲ್ಲಿ ನಿಲ್ಲದು, ಆಟ ಮತ್ತೆ ಮತ್ತೆ ಟ್ಯೂನ್ ಮಾಡಲು ಹೇಳುತ್ತದೆ. ಮಳೆ ಬೀಳುವ ಹೊರಗೋಡೆಗೆ ಗಿಟಾರ್ ನೇತುಹಾಕಬೇಡಿ. ಗಟ್ಟಿ ಕೇಸಿನಲ್ಲಿ ನೂರಿನ್ನೂರು ಗ್ರಾಂ ಸಿಲಿಕಾ ಜೆಲ್ ಬಟ್ಟೆಯ ಚೀಲದಲ್ಲಿ ಕಟ್ಟಿಡಿ. ನೀಲಿ ಕಾಳು ಗುಲಾಬಿಯಾದರೆ ಬಿಸಿಮಾಡಿ ಒಣಗಿಸಬೇಕು, ಅಡುಗೆಯ ಪಾತ್ರೆಯಲ್ಲಿ ಮಾತ್ರ ಬೇಡ. ನುಡಿಸಿದ ಮೇಲೆ ಒಣ ಬಟ್ಟೆಯಿಂದ ತಂತಿಯ ಅಡಿಯನ್ನೂ ಒರೆಸಿ. ಮಳೆಗಾಲಕ್ಕೆ ಕೋಟೆಡ್ (ತುಕ್ಕು ತಡೆಯುವ ಲೇಪದ) ತಂತಿಗೆ ಹೆಚ್ಚು ಹಣ ಕೊಡುವುದು ದಂಡವಲ್ಲ. ಟ್ರಸ್ ರಾಡ್ (ಬಾಗು ಸರಿಪಡಿಸಲು ಕುತ್ತಿಗೆಯೊಳಗಿರುವ ಕಂಬಿ) ತಿರುಗಿಸಬೇಕೆನಿಸಿದರೆ ಒಂದು ಸಲಕ್ಕೆ ಎಂಟನೇ ಒಂದು ಸುತ್ತು, ಒಂದು ದಿನ ಬಿಟ್ಟು ಮತ್ತೆ ಅಳತೆ.

ಮೇಷ್ಟ್ರು ಬೇಡವೇ ಎಂದರೆ, ಬೇಕು, ಆದರೆ ತಿಂಗಳ ಕೋರ್ಸೇ ಆಗಬೇಕೆಂದಿಲ್ಲ. ಆಟ ಶುರುಮಾಡಿ ಎರಡು ತಿಂಗಳಾದ ಮೇಲೆ ಬಿಡಿ ಕ್ಲಾಸು ತೆಗೆದುಕೊಳ್ಳುವವರನ್ನು ಹುಡುಕಿ. 'ಹಾಡು ಕಲಿಸಿ' ಎನ್ನಬೇಡಿ. ಎ ಮೈನರ್, ಸಿ, ಜಿ, ಎಫ್ ನಿಧಾನವಾಗಿ ನುಡಿಸಿ ತೋರಿಸಿ ಮೂರು ಕೇಳಿ: ನನ್ನ ಎಡ ಹೆಬ್ಬೆರಳು ಎಲ್ಲಿದೆ, ಪಿಕ್ ಎಷ್ಟು ಹೊರಗಿದೆ, ನುಡಿಸಬಾರದ ತಂತಿಯನ್ನು ಯಾವುದರಿಂದ ಮುಚ್ಚಬೇಕು. ಫೋನಿನಲ್ಲಿ ಅವರ ಕೈಯನ್ನು ಚಿತ್ರೀಕರಿಸಲು ಅನುಮತಿ ಕೇಳಿ, ನಿಮ್ಮ ಕೈಯನ್ನೂ ಅದೇ ಕೋನದಿಂದ ಚಿತ್ರೀಕರಿಸಿಕೊಂಡು ಮನೆಗೆ ಬಂದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಮುಂದಿನ ಕ್ಲಾಸು ಮತ್ತೆರಡು ತಿಂಗಳಿಗೆ.